ರನ್ ಗುಂಡಿ ಒತ್ತಿದರೂ ಪ್ರೋಗ್ರಾಂ ಓಡದಿದ್ದಾಗ: ಹೊಸಬರಿಗಾಗಿ ಐಡಿಇ ದೋಷ ನಿವಾರಣೆ ಕೈಪಿಡಿ

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ಶಿವಮೊಗ್ಗದ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಪ್ರಯೋಗಾಲಯದಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಮನ್ನೇ ತಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಓಡಿಸಲು ಹೋಗಿ ತಡವರಿಸುತ್ತಾರೆ. ಕೋಡ್ ಒಂದಕ್ಷರವೂ ಬದಲಾಗಿರುವುದಿಲ್ಲ, ಆದರೂ ತೆರೆಯ ಮೇಲೆ ಕೆಂಪಕ್ಷರಗಳ ಸಾಲು ಮೂಡುತ್ತದೆ, ಅಥವಾ ಏನೂ ಆಗುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಕೋಡನ್ನು ತಿದ್ದತೊಡಗುವುದು ವ್ಯರ್ಥ, ಐಡಿಇಯನ್ನು (ಕೋಡ್ ಬರೆಯಲು, ಓಡಿಸಲು, ತಪ್ಪು ಹುಡುಕಲು ಬಳಸುವ ತಂತ್ರಾಂಶವನ್ನು) ತೆಗೆದುಹಾಕಿ ಮತ್ತೆ ಅಳವಡಿಸುವುದು ಇನ್ನೂ ವ್ಯರ್ಥ. ದೋಷ ಯಾವ ಪದರದಲ್ಲಿದೆ ಎಂಬುದನ್ನು ಮೊದಲು ಗೊತ್ತುಪಡಿಸಿಕೊಂಡರೆ ಪರಿಹಾರ ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ. ವಿಂಡೋಸ್ ಗಣಕದಲ್ಲಿ ವಿಎಸ್ ಕೋಡ್ ಬಳಸಿ ಸಿ, ಪೈಥಾನ್ ಅಥವಾ ಜಾವಾ ಕಲಿಯುತ್ತಿರುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಬೇಕು.

ಮೊದಲು ಪದರವನ್ನು ಗುರುತಿಸಿ

ಬೋರ್ಲೆಂಡ್ ಸಂಸ್ಥೆಯ ಟರ್ಬೊ ಪ್ಯಾಸ್ಕಲ್ 1983ರಲ್ಲಿ ಬಂದಾಗ ಅದರಲ್ಲಿ ಕೋಡ್ ಬರೆಯುವ ಎಡಿಟರ್ ಮತ್ತು ಅದನ್ನು ಗಣಕದ ಭಾಷೆಗೆ ಬದಲಿಸುವ ಕಂಪೈಲರ್ ಎರಡೂ ಒಂದೇ ಪ್ರೋಗ್ರಾಮಿನೊಳಗೆ ಸೇರಿಕೊಂಡಿದ್ದವು. 1987ರ ಟರ್ಬೊ ಸಿ ಕೂಡ ಹಾಗೆಯೇ ಇತ್ತು. ಅದನ್ನು ಬಳಸಿ ಕಲಿತವರಿಗೆ, ಅವರಿಂದ ಪಾಠ ಹೇಳಿಸಿಕೊಂಡವರಿಗೆ, ನೀಲಿ ತೆರೆಯೇ ಸಿ ಭಾಷೆ ಎಂಬ ಭಾವನೆ ಉಳಿದುಬಿಟ್ಟಿದೆ. 2015ರಲ್ಲಿ ಬಂದ ವಿಎಸ್ ಕೋಡ್ ಹಾಗಲ್ಲ, ಅದು ಮೂಲತಃ ಎಡಿಟರ್ ಮಾತ್ರ. ಸಿ ಕಂಪೈಲರ್ ಆಗಲಿ, ಪೈಥಾನ್ ಇಂಟರ್‌ಪ್ರಿಟರ್ ಆಗಲಿ, ಜಾವಾದ ಕಂಪೈಲರ್ ಮುಂತಾದ ಉಪಕರಣಗಳ ಕಟ್ಟಾದ ಜೆಡಿಕೆ ಆಗಲಿ ಅದರೊಳಗೆ ಇಲ್ಲ. ಎಕ್ಸ್‌ಟೆನ್ಶನ್ (ಎಡಿಟರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಹಾಕಿಕೊಂಡರೂ ಸಿ ಕಂಪೈಲರ್ ತಾನಾಗಿ ಬರುವುದಿಲ್ಲ, ಏಕೆಂದರೆ ಎಕ್ಸ್‌ಟೆನ್ಶನ್ ಮಾಡುವ ಕೆಲಸ ಎಡಿಟರಿಗೂ ಕಂಪೈಲರಿಗೂ ನಡುವೆ ಸಂಪರ್ಕ ಕಲ್ಪಿಸುವುದು. ಅಡಿಕೆ ಮಂಡಿಯಲ್ಲಿ ಮೂಟೆ ಇಳಿಸುವವರು, ತೂಗುವವರು, ದರ ಕೂಗುವವರು ಬೇರೆ ಬೇರೆಯಾಗಿದ್ದರೂ ಬೆಳೆಗಾರನ ಕಣ್ಣಿಗೆ ಮಂಡಿ ಒಂದೇ ಆಗಿ ಕಾಣುವಂತೆ, ಐಡಿಇಯೂ ಹಲವರ ಕೆಲಸವನ್ನು ಒಂದೇ ಚಾವಣಿಯಡಿ ತೋರಿಸುತ್ತದೆ. ವ್ಯತ್ಯಾಸ ಬಂದಾಗ ಯಾರ ಕೈಯಲ್ಲಿ ಬಂತೆಂದು ಕೇಳಲೇಬೇಕಾಗುತ್ತದೆ.

ಪರೀಕ್ಷೆಗೆ ಚಿಕ್ಕದೊಂದು ಪ್ರೋಗ್ರಾಂ ಸಾಕು: ಅಡಿಕೆಯ ತೂಕವನ್ನು ಕಿಲೋದಲ್ಲಿಯೂ ದರವನ್ನು ಕ್ವಿಂಟಾಲಿನ ಲೆಕ್ಕದಲ್ಲಿಯೂ ಕೇಳಿಕೊಂಡು ಮೊತ್ತವನ್ನು ಮುದ್ರಿಸುವಂಥದ್ದು. ಅದಕ್ಕೆ ಇನ್‌ಪುಟ್ ಬೇಕು, ಲೆಕ್ಕ ಬೇಕು, ಔಟ್‌ಪುಟ್ ಬೇಕು, ಹಾಗಾಗಿ ಮೂರೂ ಕಡೆಯ ದೋಷಗಳು ಅದರಲ್ಲಿ ಕಾಣಿಸಿಕೊಳ್ಳುತ್ತವೆ.

ಮೊದಲು ಕಡತ ಉಳಿದಿದೆಯೇ ನೋಡಿ. ವಿಎಸ್ ಕೋಡಿನ ಟ್ಯಾಬ್‌ನಲ್ಲಿ ಕಡತದ ಹೆಸರಿನ ಪಕ್ಕ ಗುಣಿಸು ಚಿಹ್ನೆಯ ಬದಲು ದುಂಡು ಚುಕ್ಕೆಯಿದ್ದರೆ ಅದು ಇನ್ನೂ ಸೇವ್ ಆಗಿಲ್ಲ. ಕಂಪೈಲರ್ ಓದುವುದು ಡಿಸ್ಕಿನಲ್ಲಿರುವ ಹಳೆಯ ಪ್ರತಿಯನ್ನು. ಕಡತ ಪೂರ್ತಿ ಖಾಲಿಯಾಗಿ ಉಳಿದಿದ್ದರೆ, ವಿಂಡೋಸಿನ ಸಿ ಕಂಪೈಲರ್ ಕಟ್ಟಾದ ಮಿನ್‌ಜಿಡಬ್ಲ್ಯೂವಿನ ಲಿಂಕರ್ (ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಭಾಗ) ‘ವಿನ್‌ಮೇನ್’ ಸಿಗಲಿಲ್ಲ ಎಂದು ದೂರುತ್ತದೆ. ಹೊಸಬರು ಆ ಹೆಸರನ್ನು ಕಂಡು ವಿಂಡೋಸೇ ಕೆಟ್ಟಿತೆಂದು ಭಾವಿಸುವುದುಂಟು. ಮುಖ್ಯ ಫಂಕ್ಷನ್ ಕಾಣಲಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ.

ಆಮೇಲೆ ಐಡಿಇಯನ್ನು ಬದಿಗಿಟ್ಟು, ಸ್ಟಾರ್ಟ್ ಮೆನುವಿನಿಂದ ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ತೆರೆದು, ಅಲ್ಲಿಂದಲೇ ಕಂಪೈಲ್ ಮಾಡಿ ಓಡಿಸಿ. ಅಲ್ಲಿಯೂ ಓಡದಿದ್ದರೆ ದೋಷ ಕೋಡಿನಲ್ಲಿದೆ ಅಥವಾ ಕಂಪೈಲರಿನ ಅಳವಡಿಕೆಯಲ್ಲಿದೆ, ಐಡಿಇಗೆ ಸಂಬಂಧವಿಲ್ಲ. ಅಲ್ಲಿ ಓಡಿ, ವಿಎಸ್ ಕೋಡಿನೊಳಗಿನ ಟರ್ಮಿನಲ್‌ನಲ್ಲಿ ಓಡದಿದ್ದರೆ ಪರಿಸರದ ವ್ಯತ್ಯಾಸವಿದೆ. ಎರಡೂ ಕಡೆ ಓಡಿ, ರನ್ ಗುಂಡಿ ಒತ್ತಿದಾಗ ಮಾತ್ರ ಕೆಟ್ಟರೆ ಆ ಗುಂಡಿಯ ಹಿಂದಿನ ಸೆಟ್ಟಿಂಗ್ ತಪ್ಪಾಗಿದೆ. ಕೆಳಗಿನ ಭಾಗಗಳಲ್ಲಿ ಯಾವುದನ್ನು ಓದಬೇಕೆಂಬುದು ಈ ಪರೀಕ್ಷೆಯಿಂದಲೇ ನಿರ್ಧಾರವಾಗುತ್ತದೆ.

ಜಿಸಿಸಿ ಗುರುತಿಸಲಾಗಲಿಲ್ಲ ಎಂಬ ಸಂದೇಶ

ಸಿ ಕಂಪೈಲರಿನ ಹೆಸರಾದ ‘ಜಿಸಿಸಿ’ ಎಂದು ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆಗಳೊಡನೆ ‘ವರ್ಷನ್’ ಎಂದು ಟೈಪ್ ಮಾಡಿದಾಗ ಆವೃತ್ತಿಯ ಸಂಖ್ಯೆ ಬರಬೇಕು. ಅದರ ಬದಲು ಇದು ಆಂತರಿಕ ಅಥವಾ ಬಾಹ್ಯ ಆಜ್ಞೆಯಾಗಿ ಗುರುತಿಸಲ್ಪಟ್ಟಿಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಬಂದರೆ ಎರಡು ಸಾಧ್ಯತೆಗಳಿವೆ: ಕಂಪೈಲರ್ ಗಣಕದಲ್ಲಿಲ್ಲ, ಅಥವಾ ಇದ್ದರೂ ಅದು ಎಲ್ಲಿದೆಯೆಂದು ವಿಂಡೋಸಿಗೆ ತಿಳಿಸಿಲ್ಲ.

ಮೊದಲನೆಯದು ಹಲವರು ತಿಳಿದಿರುವುದಕ್ಕಿಂತ ಸಾಮಾನ್ಯ. ವಿಂಡೋಸಿನಲ್ಲಿ ಜಿಸಿಸಿಯಂಥ ಉಪಕರಣಗಳನ್ನು ಒದಗಿಸುವ ಎಂಎಸ್‌ವೈಎಸ್2 ಅಳವಡಿಸಿದ ಮಾತ್ರಕ್ಕೆ ಜಿಸಿಸಿ ಬರುವುದಿಲ್ಲ. ಅದರ ಕಿಟಕಿ ತೆರೆದು ಪ್ಯಾಕ್‌ಮ್ಯಾನ್ ಆಜ್ಞೆಯ ಮೂಲಕ ಜಿಸಿಸಿ ಪ್ಯಾಕೇಜನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಕೋಡ್‌ಬ್ಲಾಕ್ಸ್ ಎಂಬ ಐಡಿಇಯಲ್ಲಿಯೂ ಇಂಥದ್ದೇ ಎಡವಟ್ಟಿದೆ: ಅದರ ಡೌನ್‌ಲೋಡ್ ಪುಟದಲ್ಲಿ ಕಂಪೈಲರ್ ಇರುವ ಕಡತವೂ ಇಲ್ಲದ ಕಡತವೂ ಒಂದರ ಕೆಳಗೊಂದು ಇರುತ್ತವೆ, ಡೇಟಾ ಉಳಿಸಲೆಂದು ಚಿಕ್ಕದನ್ನು ಆರಿಸಿದವರಿಗೆ ಕಂಪೈಲರ್ ಸಿಗುವುದಿಲ್ಲ. ಹೆಸರಿನಲ್ಲಿ ‘ಮಿನ್‌ಜಿಡಬ್ಲ್ಯೂ’ ಎಂದಿರುವುದನ್ನೇ ಆರಿಸಬೇಕು.

ಎರಡನೆಯದು ಪಾತ್ ಎಂಬ ಪರಿಸರ ಚಲಕದ ವಿಷಯ. ನಾವು ಆಜ್ಞೆಯೊಂದನ್ನು ಟೈಪ್ ಮಾಡಿದಾಗ ವಿಂಡೋಸ್ ಇಡೀ ಡಿಸ್ಕನ್ನು ಹುಡುಕುವುದಿಲ್ಲ. ಪಾತ್‌ನಲ್ಲಿ ಪಟ್ಟಿ ಮಾಡಿರುವ ಫೋಲ್ಡರುಗಳನ್ನು ಒಂದೊಂದಾಗಿ ನೋಡಿ, ಆ ಹೆಸರಿನ ಕಡತ ಮೊದಲು ಸಿಕ್ಕಲ್ಲಿ ನಿಲ್ಲುತ್ತದೆ. ಎಂಎಸ್‌ವೈಎಸ್2ರಲ್ಲಿ ಯುಸಿಆರ್‌ಟಿ64 ಫೋಲ್ಡರಿನೊಳಗಿರುವ ‘ಬಿನ್’ ಫೋಲ್ಡರಿನ ಪೂರ್ತಿ ವಿಳಾಸವನ್ನು ಈ ಪಟ್ಟಿಗೆ ಸೇರಿಸಬೇಕು. ಹೊರಗಿನ ಫೋಲ್ಡರಿನ ವಿಳಾಸ ಕೊಟ್ಟು ನಿಂತರೆ ಸಾಲದು, ಏಕೆಂದರೆ ಒಳಗಿನ ಫೋಲ್ಡರುಗಳಿಗೆ ವಿಂಡೋಸ್ ಇಳಿದು ನೋಡುವುದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ‘ಎನ್ವಿರಾನ್‌ಮೆಂಟ್’ ಎಂದು ಹುಡುಕಿದರೆ ಪರಿಸರ ಚಲಕಗಳನ್ನು ತಿದ್ದುವ ಕಿಟಕಿ ಸಿಗುತ್ತದೆ. ಅಲ್ಲಿ ಹಳೆಯ ಸಾಲುಗಳನ್ನು ಅಳಿಸದೆ ಹೊಸ ಸಾಲನ್ನು ಮಾತ್ರ ಸೇರಿಸಬೇಕು.

ಇಷ್ಟಾದ ಮೇಲೂ ವಿಎಸ್ ಕೋಡ್ ಹಳೆಯ ದೂರನ್ನೇ ಹೇಳುತ್ತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಪ್ರತಿಯೊಂದು ಪ್ರೋಗ್ರಾಂ ತಾನು ಶುರುವಾದ ಗಳಿಗೆಯಲ್ಲಿ ಪಾತ್‌ನ ಒಂದು ಪ್ರತಿಯನ್ನು ಪಡೆದುಕೊಂಡಿರುತ್ತದೆ, ಆಮೇಲಿನ ಬದಲಾವಣೆ ಅದಕ್ಕೆ ತಲುಪುವುದಿಲ್ಲ. ಹೊಸ ಟರ್ಮಿನಲ್ ಟ್ಯಾಬ್ ತೆರೆದರೂ ಅದು ವಿಎಸ್ ಕೋಡಿನ ಕೂಸಾದ್ದರಿಂದ ಹಳೆಯ ಪ್ರತಿಯನ್ನೇ ಪಡೆಯಬಹುದು. ವಿಎಸ್ ಕೋಡಿನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮತ್ತೆ ತೆರೆಯಬೇಕು. ಹೊರಗಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಓಡಿ ಒಳಗಿನ ಟರ್ಮಿನಲ್‌ನಲ್ಲಿ ಓಡದ ಸಮಸ್ಯೆ ಬಹುಮಟ್ಟಿಗೆ ಇಷ್ಟರಿಂದಲೇ ತೀರುತ್ತದೆ.

ಪಾತ್‌ನ ಸರದಿಯಿಂದ ಹುಟ್ಟುವ ಇನ್ನೊಂದು ತೊಡಕು ಹೆಚ್ಚು ಕಾಡುವಂಥದ್ದು. ಹಿಂದೆಂದೋ ಹಾಕಿಕೊಂಡ ಹಳೆಯ ಕಂಪೈಲರ್ ಪಟ್ಟಿಯಲ್ಲಿ ಮೇಲೆ ಕುಳಿತಿದ್ದರೆ ಹೊಸದು ಎಂದಿಗೂ ಓಡುವುದಿಲ್ಲ, ಹೊಸ ಸೌಲಭ್ಯಗಳಿರುವ ಕೋಡ್ ಮಾತ್ರ ವಿಚಿತ್ರವಾಗಿ ಕೆಡುತ್ತದೆ. ಯಾವುದು ಓಡುತ್ತಿದೆಯೆಂದು ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್ ಜಿಸಿಸಿ’ ಎಂದು ಕೊಡಿ, ಸಿಕ್ಕ ಎಲ್ಲ ವಿಳಾಸಗಳನ್ನೂ ಅದು ಸರದಿಯಲ್ಲೇ ತೋರಿಸುತ್ತದೆ. ವಿಎಸ್ ಕೋಡಿನ ಟರ್ಮಿನಲ್ ವಿಂಡೋಸಿನಲ್ಲಿ ಸಾಮಾನ್ಯವಾಗಿ ಪವರ್‌ಶೆಲ್ ಆಗಿರುತ್ತದೆ. ಅಲ್ಲಿ ‘ವೇರ್’ ಎಂಬುದು ಬೇರೆಯದೇ ಆಜ್ಞೆಯ ಅಡ್ಡಹೆಸರಾದ್ದರಿಂದ ‘ವೇರ್’ ಪದಕ್ಕೆ ಚುಕ್ಕೆ ಹಚ್ಚಿ ‘ಎಕ್ಸ್ಇ’ ಎಂದು ಸೇರಿಸಬೇಕು, ಇಲ್ಲದಿದ್ದರೆ ಉಪಯುಕ್ತವಾದ ಉತ್ತರ ಬರುವುದಿಲ್ಲ.

ಕೆಂಪು ಅಂಕುಡೊಂಕು ಗೆರೆ ಮತ್ತು ಲಿಂಕರ್ ದೂರು

ಹೆಡರ್ ಕಡತದ ಹೆಸರಿನ ಕೆಳಗೆ ಬರುವ ಅಂಕುಡೊಂಕು ಗೆರೆಯನ್ನು ಎಳೆಯುವುದು ಕಂಪೈಲರ್ ಅಲ್ಲ, ಎಡಿಟರಿನ ಸಲಹೆ ನೀಡುವ ಭಾಗ. ಅದಕ್ಕೆ ಹೆಡರ್ ಎಲ್ಲಿದೆಯೆಂದು ತಿಳಿಯದಿದ್ದಾಗಲೂ ಪ್ರೋಗ್ರಾಂ ಚೆನ್ನಾಗಿ ಕಂಪೈಲ್ ಆಗಬಹುದು. ಗೆರೆ ಇದ್ದರೂ ಓಡುತ್ತದೆಯೇ ನೋಡಿ. ಓಡಿದರೆ ಸಿ ಎಕ್ಸ್‌ಟೆನ್ಶನ್ನಿನ ಸೆಟ್ಟಿಂಗಿನಲ್ಲಿ ಕಂಪೈಲರಿನ ವಿಳಾಸ ಕೊಟ್ಟರೆ ಸಾಕು.

‘ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್’ ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ. ಲಿಂಕರ್ ಸೋತಿತೆಂಬ ವರದಿ ಅದು, ಕಾರಣ ಅದರ ಮೇಲಿನ ಸಾಲುಗಳಲ್ಲಿ ಇರುತ್ತದೆ. ಅಲ್ಲಿ ಔಟ್‌ಪುಟ್ ಕಡತಕ್ಕೆ ಅನುಮತಿ ಇಲ್ಲವೆಂದಿದ್ದರೆ, ಹಿಂದಿನ ಸಲ ಓಡಿಸಿದ ಪ್ರೋಗ್ರಾಂ ಇನ್ನೂ ಎಲ್ಲೋ ಇನ್‌ಪುಟ್ಟಿಗಾಗಿ ಕಾದು ಕುಳಿತಿರುವುದು ಸಾಮಾನ್ಯ ಕಾರಣ; ಓಡುತ್ತಿರುವ ಕಡತದ ಮೇಲೆ ಬರೆಯಲು ವಿಂಡೋಸ್ ಬಿಡುವುದಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಅದನ್ನು ನಿಲ್ಲಿಸಬೇಕು. ಫಂಕ್ಷನ್ ಒಂದರ ಹೆಸರಿನೊಡನೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದಿದ್ದು, ಆ ಫಂಕ್ಷನ್ ನಿಮ್ಮದೇ ಇನ್ನೊಂದು ಕಡತದಲ್ಲಿದ್ದರೆ, ವಿಎಸ್ ಕೋಡ್ ತಾನಾಗಿ ರಚಿಸಿದ ಟಾಸ್ಕ್ಸ್ ಕಡತವನ್ನು ತೆರೆದು ನೋಡಿ. ಅದು ಎದುರಿಗೆ ತೆರೆದಿರುವ ಒಂದೇ ಕಡತವನ್ನು ಕಂಪೈಲ್ ಮಾಡುವಂತೆ ಬರೆದಿರುತ್ತದೆ. ಎರಡನೆಯ ಕಡತದ ಹೆಸರನ್ನು ಅಲ್ಲಿ ಸೇರಿಸದೆ ಗತ್ಯಂತರವಿಲ್ಲ.

ಓಡುತ್ತದೆ, ಆದರೆ ಟೈಪ್ ಮಾಡಲು ಬಿಡುವುದಿಲ್ಲ

ತೂಕ ಎಷ್ಟೆಂದು ಪ್ರೋಗ್ರಾಂ ಕೇಳುತ್ತದೆ, ಉತ್ತರ ಟೈಪ್ ಮಾಡಲು ಹೋದರೆ ಓದಲು ಮಾತ್ರ ಇರುವ ಎಡಿಟರಿನಲ್ಲಿ ತಿದ್ದಲಾಗದು ಎಂಬ ಸೂಚನೆ ಬರುತ್ತದೆ. ಕೋಡ್ ರನ್ನರ್ ಎಂಬ ಜನಪ್ರಿಯ ಎಕ್ಸ್‌ಟೆನ್ಶನ್ ಹಾಕಿಕೊಂಡವರ ಸಮಸ್ಯೆ ಇದು. ಅದು ಪ್ರೋಗ್ರಾಮನ್ನು ಔಟ್‌ಪುಟ್ ಫಲಕದಲ್ಲಿ ಓಡಿಸುತ್ತದೆ, ಆ ಫಲಕ ಬರಿಯ ನೋಟಕ್ಕಾಗಿ ಇರುವಂಥದ್ದು. ಸೆಟ್ಟಿಂಗುಗಳಲ್ಲಿ ಕೋಡ್ ರನ್ನರ್ ಎಂದು ಹುಡುಕಿ ‘ರನ್ ಇನ್ ಟರ್ಮಿನಲ್’ ಎಂಬುದಕ್ಕೆ ಗುರುತು ಹಾಕಿದರೆ ಮುಗಿಯಿತು. ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಆ ಎಕ್ಸ್‌ಟೆನ್ಶನ್ ಬೇಡ. ಅದು ಉಳಿಸುವ ಎರಡು ಆಜ್ಞೆಗಳನ್ನು ಕೈಯಾರೆ ಟೈಪ್ ಮಾಡಿದವರಿಗೆ ಕಂಪೈಲ್ ಮಾಡುವುದು ಬೇರೆ, ಓಡಿಸುವುದು ಬೇರೆ ಎಂಬುದು ಬೇಗ ಮನದಟ್ಟಾಗುತ್ತದೆ.

ಪೈಥಾನ್: ಎರಡು ಇಂಟರ್‌ಪ್ರಿಟರುಗಳ ಗೊಂದಲ

‘ಪೈಥಾನ್’ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುವುದು ವೈರಸ್ ಅಲ್ಲ. ವಿಂಡೋಸ್ ಆ ಹೆಸರಿನ ಹುಸಿ ಕಡತವೊಂದನ್ನು ಇಟ್ಟಿದೆ, ನಿಜವಾದ ಪೈಥಾನ್ ಪಾತ್‌ನಲ್ಲಿ ಇಲ್ಲದಿದ್ದಾಗ ಅದು ಮುಂದೆ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಎಕ್ಸಿಕ್ಯೂಶನ್ ಅಲಿಯಾಸಸ್’ ಎಂಬ ಪುಟಕ್ಕೆ ಹೋಗಿ ಪೈಥಾನ್ ಹೆಸರಿನವನ್ನು ಆಫ್ ಮಾಡಿ, ಪೈಥಾನ್ ಇನ್‌ಸ್ಟಾಲರನ್ನು ಮತ್ತೆ ಓಡಿಸಿ, ಮೊದಲ ತೆರೆಯ ಕೆಳತುದಿಯಲ್ಲಿ ಪಾತ್‌ಗೆ ಸೇರಿಸುವ ಚೌಕಕ್ಕೆ ಗುರುತು ಹಾಕಬೇಕು (ಪೈಥಾನ್ ಆಗಲೇ ಅಳವಡಿಕೆಯಾಗಿದ್ದರೆ ‘ಮಾಡಿಫೈ’ ಆರಿಸಿ, ಮುಂದಿನ ತೆರೆಗಳಲ್ಲಿ ಇಂಥದ್ದೇ ಚೌಕ ಸಿಗುತ್ತದೆ). ಆ ಚೌಕ ಮೊದಲಿನಿಂದ ಖಾಲಿಯೇ ಇರುತ್ತದೆ, ಅವಸರದಲ್ಲಿ ಎಲ್ಲರೂ ಅದನ್ನು ದಾಟಿಹೋಗುತ್ತಾರೆ.

ಇನ್ನೊಂದು ದೂರು, ‘ಪಿಪ್’ ಮೂಲಕ ಲೈಬ್ರರಿ ಹಾಕಿದ್ದೇನೆ, ಆದರೂ ಮಾಡ್ಯೂಲ್ ಸಿಗಲಿಲ್ಲವೆನ್ನುತ್ತದೆ ಎಂಬುದು. ಗಣಕದಲ್ಲಿ ಎರಡು ಪೈಥಾನ್‌ಗಳಿದ್ದು, ಲೈಬ್ರರಿ ಒಂದಕ್ಕೆ ಸೇರಿ, ರನ್ ಗುಂಡಿ ಇನ್ನೊಂದನ್ನು ಕರೆಯುತ್ತಿರುತ್ತದೆ. ಕಂಟ್ರೋಲ್, ಶಿಫ್ಟ್, ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಸೆಲೆಕ್ಟ್ ಇಂಟರ್‌ಪ್ರಿಟರ್’ ಆರಿಸಿದರೆ ವಿಎಸ್ ಕೋಡ್ ಕಂಡುಹಿಡಿದ ಎಲ್ಲ ಪೈಥಾನ್‌ಗಳೂ ಕಾಣುತ್ತವೆ. ಅನುಮಾನವಿದ್ದಾಗ ಪ್ರೋಗ್ರಾಮಿನ ಮೊದಲಲ್ಲೇ ‘ಸಿಸ್’ ಮಾಡ್ಯೂಲಿನ ‘ಎಕ್ಸಿಕ್ಯೂಟಬಲ್’ ಬೆಲೆಯನ್ನು ಮುದ್ರಿಸಿ, ತನ್ನನ್ನು ಓಡಿಸುತ್ತಿರುವ ಪೈಥಾನ್ ಯಾವುದೆಂದು ಪ್ರೋಗ್ರಾಮೇ ಹೇಳುತ್ತದೆ. ಲೈಬ್ರರಿ ಹಾಕುವಾಗ ಬರಿಯ ‘ಪಿಪ್’ ಎನ್ನುವ ಬದಲು ‘ಪೈಥಾನ್’, ಅಡ್ಡಗೆರೆ ‘ಎಂ’, ‘ಪಿಪ್’ ಎಂದು ಬರೆದರೆ ಅದು ಆ ಪೈಥಾನಿಗೇ ಸೇರುತ್ತದೆ.

ಜಾವಾ

ಜಾವಾದಲ್ಲಿ ಹೊಸಬರನ್ನು ಕಾಡುವುದು ಮುಖ್ಯವಾಗಿ ಎರಡು. ಪಬ್ಲಿಕ್ ಕ್ಲಾಸಿನ ಹೆಸರೂ ಕಡತದ ಹೆಸರೂ ಒಂದೇ ಆಗಿರಬೇಕು, ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಮತ್ತೊಂದು, ಕ್ಲಾಸ್ ಆವೃತ್ತಿ ಬೆಂಬಲಿತವಲ್ಲ ಎಂಬ ದೂರು. ಅದರಲ್ಲಿ 61, 52 ಎಂಬಂಥ ಸಂಖ್ಯೆಗಳಿರುತ್ತವೆ, ಅವುಗಳಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ. ಅಂದರೆ ಜಾವಾ 17ರಲ್ಲಿ ಕಂಪೈಲ್ ಆದದ್ದನ್ನು ಜಾವಾ 8 ಓಡಿಸಲು ಯತ್ನಿಸುತ್ತಿದೆ. ಕಂಪೈಲರಿಗೊಂದು, ಓಡಿಸುವುದಕ್ಕೊಂದು ವಿಳಾಸ ಪಾತ್‌ನಲ್ಲಿ ಸಿಗುತ್ತಿರುವುದರಿಂದ ಹೀಗಾಗುತ್ತದೆ; ‘ವೇರ್’ ಆಜ್ಞೆಯಿಂದ ಎರಡನ್ನೂ ಪರೀಕ್ಷಿಸಿ. ಎಕ್ಲಿಪ್ಸ್ ಬಳಸುವವರಿಗೆ ಪರಿಸ್ಥಿತಿ ತುಸು ಭಿನ್ನ: ಅದರಲ್ಲಿ ತನ್ನದೇ ಜಾವಾ ಕಂಪೈಲರ್ ಇರುವುದರಿಂದ, ಐಡಿಇಯೊಳಗೆ ಓಡುವ ಕೋಡ್ ಹೊರಗಿನ ಟರ್ಮಿನಲ್‌ನಲ್ಲಿ ಕಂಪೈಲ್ ಆಗದೆ ಹೋಗಬಹುದು.

ಪ್ರಯೋಗಾಲಯದ ಕೈಪಿಡಿಯಿಂದ ನಕಲು ಮಾಡಿದ ಕೋಡ್

ಪಿಡಿಎಫ್ ಕಡತದಿಂದ ನಕಲು ಮಾಡಿ ಅಂಟಿಸಿದ ಕೋಡಿನಲ್ಲಿ ಉದ್ಧರಣ ಚಿಹ್ನೆಗಳು ಬಾಗಿದ ರೂಪದಲ್ಲಿರುತ್ತವೆ, ಕಂಪೈಲರಿಗೆ ಬೇಕಾದದ್ದು ನೇರವಾದವು. ಜಿಸಿಸಿ ಆಗ ‘ಸ್ಟ್ರೇ’ ಎಂಬ ಪದದೊಡನೆ ದೂರುತ್ತದೆ. ಹಳೆಯ ಆವೃತ್ತಿಗಳಲ್ಲಿ ಜೊತೆಗೆ 342 ಎಂಬ ಸಂಖ್ಯೆಯೂ ಕಾಣುತ್ತದೆ. ಆ ಸಾಲುಗಳನ್ನು ಕೈಯಿಂದ ಮತ್ತೆ ಟೈಪ್ ಮಾಡುವುದೇ ನೇರವಾದ ದಾರಿ.

ಕೈಪಿಡಿ ಟರ್ಬೊ ಸಿ ಕಾಲದ್ದಾಗಿದ್ದರೆ ‘ಕೊನಿಯೊ’ ಹೆಡರ್, ತೆರೆ ಒರೆಸುವ ಫಂಕ್ಷನ್, ಗ್ರಾಫಿಕ್ಸ್ ಹೆಡರ್ ಇವು ಜಿಸಿಸಿಯಲ್ಲಿ ತೊಂದರೆ ಕೊಡುತ್ತವೆ. ಅದಕ್ಕಿಂತ ಅಪಾಯಕಾರಿಯಾದ ವ್ಯತ್ಯಾಸ ಸದ್ದಿಲ್ಲದೆ ನುಸುಳುವಂಥದ್ದು. ಟರ್ಬೊ ಸಿಯಲ್ಲಿ ಇಂಟ್ ಎಂಬುದು 2 ಬೈಟ್, ಗರಿಷ್ಠ ಬೆಲೆ 32,767. ರಾಶಿ ಅಡಿಕೆಗೆ ಕ್ವಿಂಟಾಲಿಗೆ 45,000 ರೂಪಾಯಿ ಎಂದು ಕೊಟ್ಟರೆ ಆ ಚಲಕದಲ್ಲಿ ಉಳಿಯುವುದು ಋಣ 20,536. ಜಿಸಿಸಿಯಲ್ಲಿ ಇಂಟ್ 4 ಬೈಟ್ ಇರುವುದರಿಂದ ಅದೇ ಪ್ರೋಗ್ರಾಂ ಸರಿಯಾದ ಉತ್ತರ ಕೊಡುತ್ತದೆ. ಪ್ರಯೋಗಾಲಯದಲ್ಲಿ ಒಂದು ಉತ್ತರ, ಮನೆಯಲ್ಲಿ ಇನ್ನೊಂದು ಬಂದಾಗ ಹೊಸ ಲ್ಯಾಪ್‌ಟಾಪನ್ನು ಶಂಕಿಸುವ ಮುನ್ನ ಇದನ್ನು ನೆನಪಿಡಬೇಕು.

ಕನ್ನಡ ಅಕ್ಷರಗಳು ಬಂದಾಗ

ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಹೆಸರುಗಳನ್ನು ಕನ್ನಡದಲ್ಲೇ ಮುದ್ರಿಸಬೇಕೆಂದು ಹೊರಟವರಿಗೆ ಪ್ರತ್ಯೇಕವಾದ ದೋಷಗಳು ಎದುರಾಗುತ್ತವೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇವುಗಳ ಪ್ರಸ್ತಾಪ ಕಡಿಮೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು.

ಪೈಥಾನಿನ ಈಚಿನ ಆವೃತ್ತಿಗಳು ಟರ್ಮಿನಲ್‌ಗೆ ನೇರವಾಗಿ ಯೂನಿಕೋಡ್ ಅಕ್ಷರಗಳನ್ನು ಬರೆಯುತ್ತವೆ. ಆದರೆ ಔಟ್‌ಪುಟ್ ಟರ್ಮಿನಲ್‌ಗೆ ಹೋಗದೆ ಕಡತಕ್ಕೋ ಕೋಡ್ ರನ್ನರಿನ ಫಲಕಕ್ಕೋ ಹೋದಾಗ ವಿಂಡೋಸಿನ ಹಳೆಯ ಕೋಡ್‌ಪೇಜ್ (ಅಕ್ಷರಗಳಿಗೆ ಸಂಖ್ಯೆ ಗೊತ್ತುಪಡಿಸುವ ಪಟ್ಟಿ) ಬಳಕೆಗೆ ಬರುತ್ತದೆ. ನಮ್ಮ ಗಣಕಗಳಲ್ಲಿ ಅದು ಸಾಮಾನ್ಯವಾಗಿ 1252, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ‘ಚಾರ್‌ಮ್ಯಾಪ್’ ಎಂಬ ಪದವಿರುವ ಎನ್‌ಕೋಡ್ ದೋಷ ಹುಟ್ಟುವುದು ಹೀಗೆ. ‘ಪೈಥಾನ್‌ಯುಟಿಎಫ್8’ ಎಂಬ ಹೆಸರಿನ ಪರಿಸರ ಚಲಕವನ್ನು ಸೃಷ್ಟಿಸಿ ಅದಕ್ಕೆ 1 ಎಂಬ ಬೆಲೆ ಕೊಡಬೇಕು (ಚಲಕದ ಹೆಸರನ್ನು ಮಾತ್ರ ದೊಡ್ಡಕ್ಷರಗಳಲ್ಲಿ ಬರೆಯುವುದು ರೂಢಿ). ಕಡತ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಇಡುವ ವಿಧಾನ) ಎಂದು ಬರೆಯುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಸಿ ಪ್ರೋಗ್ರಾಮಿನಲ್ಲಿ ಕನ್ನಡದ ಬದಲು ವಿಚಿತ್ರ ಲ್ಯಾಟಿನ್ ಅಕ್ಷರಗಳು ಬಂದರೆ, ಓಡಿಸುವ ಮುನ್ನ ಟರ್ಮಿನಲ್‌ನಲ್ಲಿ ‘ಸಿಎಚ್‌ಸಿಪಿ 65001’ ಎಂದು ಕೊಡಿ.

ಅಕ್ಷರ ಬಂದರೂ ಒತ್ತು ಮುರಿದು, ಗುಣಿತ ಪಕ್ಕಕ್ಕೆ ಸರಿದು ಕಾಣುವುದುಂಟು. ಟರ್ಮಿನಲ್ ಪ್ರತಿ ಅಕ್ಷರವನ್ನೂ ಸಮನಾದ ಚೌಕಗಳಲ್ಲಿ ಕೂರಿಸುವುದರಿಂದ ಕನ್ನಡದಂಥ ಲಿಪಿಗೆ ಅಲ್ಲಿ ನ್ಯಾಯ ಸಿಗುವುದಿಲ್ಲ. ಔಟ್‌ಪುಟ್ಟನ್ನು ಯುಟಿಎಫ್-8 ಕಡತಕ್ಕೆ ಬರೆದು ಎಡಿಟರಿನಲ್ಲಿ ತೆರೆಯಿರಿ. ಅಲ್ಲಿ ಸರಿಯಾಗಿ ಕಂಡರೆ ನಿಮ್ಮ ಪ್ರೋಗ್ರಾಮಿನಲ್ಲಿ ದೋಷವಿಲ್ಲ.

ಪೈಥಾನ್ 3ರಲ್ಲಿ ಚಲಕಕ್ಕೆ ಕನ್ನಡ ಹೆಸರಿಡಬಹುದು. ‘ತೂಕ’, ‘ದರ’ ಇವು ಚೆನ್ನಾಗಿ ನಡೆಯುತ್ತವೆ. ಆದರೆ ‘ಶೇರ್‌ಮೊತ್ತ’ ಎಂಬಂಥ ಹೆಸರಿನಲ್ಲಿ ಅರ್ಧಾಕ್ಷರ ಉಳಿಸಲು ಕೀಲಿಮಣೆ ಶೂನ್ಯ ಅಗಲದ ಅದೃಶ್ಯ ಅಕ್ಷರವೊಂದನ್ನು ಸೇರಿಸುತ್ತದೆ, ಪೈಥಾನ್ ಅದನ್ನು ಹೆಸರಿನೊಳಗೆ ಒಪ್ಪುವುದಿಲ್ಲ. ಯು+200ಸಿ ಎಂಬ ಸಂಕೇತದೊಡನೆ ಮುದ್ರಿಸಲಾಗದ ಅಕ್ಷರವಿದೆಯೆಂದು ದೂರು ಬಂದರೆ ಅದೇ ಕಾರಣ. ವಿಎಸ್ ಕೋಡ್ ಇಂಥ ಅದೃಶ್ಯ ಅಕ್ಷರಗಳನ್ನು ಚೌಕಟ್ಟು ಹಾಕಿ ತೋರಿಸಬಲ್ಲದು. ಅಂಕಿಗಳದು ಇನ್ನೊಂದು ಸೋಜಿಗ: ಬಳಕೆದಾರ ೪೫ ಎಂದು ಕನ್ನಡ ಅಂಕಿಗಳಲ್ಲಿ ಕೊಟ್ಟರೆ ಪೈಥಾನಿನ ‘ಇಂಟ್’ ಫಂಕ್ಷನ್ ಅದನ್ನು ಸರಿಯಾಗಿ ಓದಿಕೊಳ್ಳುತ್ತದೆ, ಕೋಡಿನೊಳಗೇ ಹಾಗೆ ಬರೆದರೆ ಮಾತ್ರ ಒಪ್ಪುವುದಿಲ್ಲ, ಸಿಯ ‘ಸ್ಕ್ಯಾನ್‌ಎಫ್’ ಕನ್ನಡ ಅಂಕಿಗಳನ್ನು ಓದಲಾರದು.

ಮಳೆಗಾಲದ ದೋಷಗಳು

ಜೂನ್ ಕಳೆದ ಮೇಲೆ ಮಲೆನಾಡಿನ ಹಳ್ಳಿಗಳಲ್ಲಿ ಕರೆಂಟೂ ನೆಟ್‌ವರ್ಕೂ ಹೇಳದೆ ಕೇಳದೆ ಹೋಗುತ್ತವೆ, ಅರ್ಧ ಇಳಿದ ಕಡತಗಳು ಹಿಂದೆ ಉಳಿಯುತ್ತವೆ. ಇನ್‌ಸ್ಟಾಲರ್ ನಡುವೆ ನಿಂತು ವಿಚಿತ್ರ ದೋಷ ತೋರಿಸಿದರೆ, ‘ಸರ್ಟ್‌ಯುಟಿಲ್’ ಆಜ್ಞೆಯಿಂದ ಅದರ ಎಸ್‌ಎಚ್‌ಎ256 ಮೊತ್ತ (ಕಡತದ ಬೆರಳಚ್ಚಿನಂಥ ಸಂಕೇತ) ತೆಗೆದು, ತಯಾರಕರು ಪ್ರಕಟಿಸಿದ ಮೊತ್ತದೊಡನೆ ಹೋಲಿಸಿ. ಒಂದಕ್ಷರ ಬೇರೆಯಾದರೂ ಕಡತವನ್ನು ಮತ್ತೆ ಇಳಿಸಿಕೊಳ್ಳಬೇಕು. ಆಂಡ್ರಾಯ್ಡ್ ಸ್ಟುಡಿಯೊ ಮೊದಲ ಸಲ ಆ್ಯಪ್ ಕಟ್ಟುವ ಉಪಕರಣವಾದ ಗ್ರೇಡಲ್ಲನ್ನು ಇಳಿಸುವಾಗ ಸಂಪರ್ಕ ಕಡಿದರೆ, ಬಳಕೆದಾರರ ಫೋಲ್ಡರಿನಲ್ಲಿ ‘.ಗ್ರೇಡಲ್’ ಒಳಗಿನ ‘ರ‍್ಯಾಪರ್’, ಅದರೊಳಗಿನ ‘ಡಿಸ್ಟ್ಸ್’ ಫೋಲ್ಡರಿನಲ್ಲಿ ಅರ್ಧ ಕಡತ ಉಳಿದು ಮತ್ತೆ ಮತ್ತೆ ದೋಷ ಕೊಡುತ್ತದೆ. ಆ ಆವೃತ್ತಿಯ ಫೋಲ್ಡರನ್ನು ಅಳಿಸಿ ಮರಳಿ ಪ್ರಯತ್ನಿಸಿ. ವಿಎಸ್ ಕೋಡಿನ ಎಕ್ಸ್‌ಟೆನ್ಶನ್‌ಗಳನ್ನು ವಿಎಸ್ಐಎಕ್ಸ್ ಕಡತಗಳಾಗಿ ಕಾಲೇಜಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಒಯ್ದರೆ ಮನೆಯಲ್ಲಿ ಇಂಟರ್ನೆಟ್ ಇಲ್ಲದೆಯೇ ಅಳವಡಿಸಬಹುದು.

ಕರೆಂಟ್ ಹೋದಾಗ ಕಡತ ಸೇವ್ ಆಗುತ್ತಿದ್ದರೆ ಅದರ ಗಾತ್ರ ಸರಿಯಾಗಿದ್ದು ಒಳಗೆ ಬರಿಯ ಶೂನ್ಯ ಬೈಟುಗಳು ತುಂಬಿರುವುದೂ ಉಂಟು. ವಿಎಸ್ ಕೋಡ್ 2022ರಿಂದ ಪ್ರತಿ ಸಲ ಸೇವ್ ಮಾಡಿದಾಗಲೂ ಒಂದು ಸ್ಥಳೀಯ ಪ್ರತಿ ಇಟ್ಟುಕೊಳ್ಳುತ್ತದೆ. ಎಡಬದಿಯ ಕಡತಪಟ್ಟಿಯ ಕೆಳಗಿರುವ ‘ಟೈಮ್‌ಲೈನ್’ ತೆರೆದು ಹಿಂದಿನ ಪ್ರತಿಯನ್ನು ಮರಳಿ ಪಡೆಯಬಹುದು.

ಐಡಿಇಯೇ ಕೆಟ್ಟಿದೆ ಎನ್ನಿಸಿದಾಗ

ಮೇಲಿನ ಎಲ್ಲವನ್ನೂ ನೋಡಿದ ಮೇಲೂ, ಹೊರಗೆ ಓಡುವುದು ಒಳಗೆ ಓಡದಿದ್ದರೆ, ವಿಎಸ್ ಕೋಡನ್ನು ತೆಗೆದುಹಾಕಿ ಮತ್ತೆ ಹಾಕುವುದರಿಂದ ಪ್ರಯೋಜನ ಕಡಿಮೆ. ಎಕ್ಸ್‌ಟೆನ್ಶನ್‌ಗಳು ಬಳಕೆದಾರರ ಫೋಲ್ಡರಿನ ‘.ವಿಎಸ್‌ಕೋಡ್’ ಒಳಗೂ ಸೆಟ್ಟಿಂಗುಗಳು ‘ಆ್ಯಪ್‌ಡೇಟಾ’ ಒಳಗೂ ಉಳಿದೇ ಇರುತ್ತವೆ, ಹೊಸ ಅಳವಡಿಕೆ ಅವನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಅದರ ಬದಲು ಆಜ್ಞಾ ಫಲಕದಲ್ಲಿ (ಕಂಟ್ರೋಲ್, ಶಿಫ್ಟ್, ಪಿ ಒತ್ತಿದಾಗ ತೆರೆಯುವಂಥದ್ದು) ‘ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್’ ಆರಿಸಿ. ಅದು ಎಕ್ಸ್‌ಟೆನ್ಶನ್‌ಗಳಲ್ಲಿ ಅರ್ಧವನ್ನು ನಿಲ್ಲಿಸಿ ದೋಷ ಇದೆಯೇ ಎಂದು ಕೇಳುತ್ತದೆ, ನಿಮ್ಮ ಉತ್ತರ ನೋಡಿ ಉಳಿದುದನ್ನು ಮತ್ತೆ ಅರ್ಧ ಮಾಡುತ್ತ ಹೋಗಿ, ಕೊನೆಗೆ ತೊಂದರೆ ಕೊಡುತ್ತಿರುವ ಒಂದನ್ನು ಹೆಸರಿಸುತ್ತದೆ. ಎಲ್ಲವನ್ನೂ ನಿಲ್ಲಿಸಿದ ಮೇಲೂ ದೋಷ ಉಳಿದರೆ ಪ್ರಾಜೆಕ್ಟ್ ಫೋಲ್ಡರಿನೊಳಗಿನ ‘.ವಿಎಸ್‌ಕೋಡ್’ ಫೋಲ್ಡರಿನ ಹೆಸರು ಬದಲಿಸಿ ನೋಡಬೇಕು. ಯಾರಿಂದಲೋ ನಕಲು ಮಾಡಿಕೊಂಡ, ಓಡಿಸುವ ಸೆಟ್ಟಿಂಗುಗಳಿರುವ ಲಾಂಚ್ ಕಡತದಲ್ಲಿ ಅವರ ಗಣಕದ ವಿಳಾಸವೇ ಉಳಿದಿರುವ ಸಾಧ್ಯತೆ ಹೆಚ್ಚು.